ಹಾಡೋಕೆ ಬರುತ್ತಲ್ಲ, ಇನ್ನು ಓದೋದೇನಿದೆ?

ನಿನ್ನೆ ಸಂಜೆ ಕನಕಾಂಬರದ ಗಿಡಕ್ಕೆ ನೀರು ಬಿಡುತ್ತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಹತ್ತಿರ ಬಂದು ನಿಂತರು. ಬಂದದ್ದು ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಕೇಳೋಕೆ. ಕರಿಬೇವು ಕಿತ್ತು ಕೈಗೆ ಕೊಡುವಷ್ಟರಲ್ಲಿ ಮಾತು ಮಗಳ ಕಡೆ ತಿರುಗಿತು. ಹುಡುಗಿ ಸೆಕೆಂಡ್ ಪಿಯುಸಿ ಪಾಸಾಗಿದ್ದಾಳೆ, ಒಳ್ಳೆಯ ಮಾರ್ಕ್ಸೇ ಬಂದಿದೆ. ಬಿ.ಎ.ಗೆ ಸೇರಿ ಸಂಗೀತವನ್ನು ಒಂದು ಐಚ್ಛಿಕ ವಿಷಯವಾಗಿ ತಗೋತೀನಿ, ಹಾಡೋದರ ಜೊತೆಗೆ ಸಂಗೀತಶಾಸ್ತ್ರವನ್ನೂ ಸರಿಯಾಗಿ ಓದ್ತೀನಿ ಅಂತ ಹಟ ಹಿಡಿದಿದ್ದಾಳಂತೆ.

"ಅಕ್ಕಾ, ನೀವೇ ಹೇಳಿ. ಎಂಟು ವರ್ಷದಿಂದ ಪಾಠಕ್ಕೆ ಹೋಗ್ತಿದ್ದಾಳೆ. ಜೂನಿಯರ್ ಆಯ್ತು, ಸೀನಿಯರ್ ಆಯ್ತು. ಹಾಡೋಕೆ ಬರುತ್ತಲ್ಲ, ಇನ್ನು ಕಾಲೇಜಿಗೆ ಹೋಗಿ ಓದೋದೇನಿದೆ?"

ನಲ್ಲಿ ನಿಲ್ಲಿಸಿದೆ. ಈ ಪ್ರಶ್ನೆ ನನಗೆ ಹಳೆಯದು. ನಾನೂ ಇದೇ ವಿಷಯ ಓದಿದವಳು, ಆಮೇಲೆ ಮೂವತ್ತು ವರ್ಷ ಅದನ್ನೇ ಕಲಿಸಿದವಳು. ನಾನು ಸೇರುವಾಗ ಅರ್ಜಿ ತಗೊಂಡ ಗುಮಾಸ್ತರು "ಹಾಡಿಗೂ ಡಿಗ್ರೀನಾ ತಾಯಿ?" ಅಂದದ್ದು ಇನ್ನೂ ಕಿವಿಯಲ್ಲಿದೆ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಆದರೆ ಅದನ್ನು ಬಾಯಲ್ಲಿ ಹೇಳಿದರೆ ಆಗೋಲ್ಲ, ಕೇಳಿಸಬೇಕು. ಮಗಳನ್ನು ಕರೀರಿ ಅಂದೆ. ಒಳಗೆ ಹೋಗಿ ತಂಬೂರಿ ತಂದು ಜಗಲಿಯ ಮೇಲೆ ಕೂತೆ. ಹುಡುಗಿ ಗೇಟು ತೆಗೆದುಕೊಂಡು ಬಂದಳು, ತಾಯಿ ಕಾಂಪೌಂಡಿನ ಆಚೆಯೇ ಕರಿಬೇವು ಹಿಡಿದು ನಿಂತರು.

ತಂಬೂರಿಗೆ ನಾಲ್ಕು ತಂತಿ. ಪಂಚಮ, ಷಡ್ಜದ ಎರಡು ಸಾರಣೆ, ಕೊನೆಗೆ ಮಂದ್ರ ಷಡ್ಜ. ಶ್ರುತಿ ಕೂಡಿಸಿ ಹುಡುಗಿಯ ಕೈಗೆ ಕೊಟ್ಟೆ. "ಮೀಟು, ಕಣ್ಣು ಮುಚ್ಚಿ ಕೇಳು. ಯಾವ ಸ್ವರ ಕೇಳುತ್ತೆ?"

"ಪ, ಸ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಗಾಂಧಾರ ಕೇಳ್ತಿದೆ ಆಂಟಿ. ಅಂತರ ಗಾಂಧಾರ."

"ಗಾಂಧಾರದ ತಂತಿ ಎಲ್ಲಿದೆ ತೋರಿಸು."

ಇಲ್ಲವಲ್ಲ! ಹುಡುಗಿ ತಂಬೂರಿಯನ್ನೇ ನೋಡುತ್ತಾ ಕೂತಳು. ಎಂಟು ವರ್ಷದಿಂದ ಆ ಗಾಂಧಾರದ ಜೊತೆ ಹಾಡಿದ್ದಾಳೆ, ಅದು ಎಲ್ಲಿಂದ ಬರುತ್ತೆ ಅಂತ ಒಂದು ದಿನವೂ ಕೇಳಿಕೊಂಡಿಲ್ಲ. ಸ್ವಯಂಭು ಸ್ವರ ಅಂತ ನಾವು ಕರೆಯುವುದು ಇದನ್ನೇ. ಒಂದು ತಂತಿ ಮಿಡಿದಾಗ ಇಡೀ ತಂತಿಯೂ ಕಂಪಿಸುತ್ತೆ, ಅದರ ಅರ್ಧ, ಮೂರನೇ ಒಂದು ಪಾಲು, ಕಾಲು ಭಾಗವೂ ಕಂಪಿಸುತ್ತೆ. ಷಡ್ಜದ ತಂತಿಯ ಐದನೇ ಒಂದು ಪಾಲು ಕಂಪಿಸಿದಾಗ ಹುಟ್ಟುವುದು ಗಾಂಧಾರ.

ಆಮೇಲೆ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಇರುವ ದಾರದ ಎಳೆ ತೋರಿಸಿದೆ. ಸಾದಾ ಹತ್ತಿ ದಾರ. ಅದನ್ನು ಉಗುರಿನಿಂದ ಪೂರ್ತಿ ಹಿಂದಕ್ಕೆ ತಳ್ಳಿದೆ. ನಾದ ಮೊಂಡಾಯಿತು, ಮರದ ಮೇಲೆ ಬೆರಳು ಬಡಿದ ಹಾಗೆ. ಮತ್ತೆ ಕೂದಲೆಳೆಯಷ್ಟು ಮುಂದಕ್ಕೆ, ಇನ್ನೊಂದು ಕೂದಲೆಳೆಯಷ್ಟು. ಒಂದು ಜಾಗದಲ್ಲಿ ತಂತಿ ಝೇಂಕರಿಸಿತು. ಜೀವ ಬಂತು ಅಂತೀವಲ್ಲ, ಹಾಗೆ. ಕಾಂಪೌಂಡಿನ ಆಚೆ ನಿಂತವರ ಮುಖ ಆ ಕ್ಷಣ ಬದಲಾದದ್ದನ್ನು ನಾನು ನೋಡಿದೆ.

ಸಿ.ವಿ. ರಾಮನ್ ಅವರು ಈ ಎಳೆಯ ಬೆನ್ನು ಹತ್ತಿದ್ದರು. ತಂತಿಯನ್ನು ಸರಿಯಾಗಿ ನಟ್ಟನಡುವೆ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಲೇಬಾರದು ಅನ್ನುವುದು ಭೌತಶಾಸ್ತ್ರದಲ್ಲಿ ಒಪ್ಪಿದ ನಿಯಮ. ನಮ್ಮ ತಂಬೂರಿ, ವೀಣೆಗಳ ಅಗಲವಾದ, ಬಾಗಿದ ಕುದುರೆಯ ಮೇಲೆ ಅವೂ ಹುಟ್ಟುತ್ತವೆ ಅಂತ 1921ರಲ್ಲಿ ತೋರಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1920ರಲ್ಲಿ, ಮೃದಂಗದ ವಿಷಯ ಬರೆದಿದ್ದರು. ಸಾಮಾನ್ಯವಾಗಿ ಚರ್ಮವಾದ್ಯದ ದನಿ ಯಾವ ಸ್ವರಕ್ಕೂ ಸರಿಯಾಗಿ ಕೂರುವುದಿಲ್ಲ. ಮೃದಂಗದ ಬಲಗಡೆ ಪದರ ಪದರವಾಗಿ ಹಚ್ಚುವ ಕಪ್ಪು ಕರಣೆ ಅದನ್ನು ಶ್ರುತಿಗೆ ತರುತ್ತೆ. ಮೃದಂಗ ಮಾಡುವವರ ಕೈಗೆ ಇದು ಯಾವತ್ತಿನಿಂದಲೋ ಗೊತ್ತಿತ್ತು. ಯಾಕೆ ಹಾಗಾಗುತ್ತೆ ಅನ್ನೋದನ್ನು ಕೇಳಿ ತಿಳಿಯೋದು ಇನ್ನೊಂದು ವಿದ್ಯೆ. ನಮ್ಮಲ್ಲಿ ಲಕ್ಷ್ಯ, ಲಕ್ಷಣ ಅಂತ ಎರಡು ಮಾತಿದೆಯಲ್ಲ. ಹಾಡೋದು ಲಕ್ಷ್ಯ, ಹಾಡಿದ್ದನ್ನು ಅರಿಯೋದು ಲಕ್ಷಣ. ಮಗಳು ಓದಬೇಕು ಅಂತಿರೋದು ಈ ಎರಡನೆಯದನ್ನು.

"ಅದೇನೋ ಮೇಳದ ನಂಬರ್ ಎಲ್ಲ ಬಾಯಿಪಾಠ ಮಾಡ್ತಿದ್ದಳಲ್ಲ, ಅದೇ ತಾನೇ?" ಅಂದರು ತಾಯಿ.

ಬಾಯಿಪಾಠ! ಆ ಮಾತಿಗೆ ನನಗೆ ನಿಜವಾಗಿ ಸಂಕಟವಾಯಿತು. ಮೇಳ ಅಂದರೆ ಏಳು ಸ್ವರಗಳ ಮೂಲರಾಗ. ಪರೀಕ್ಷೆಗೋಸ್ಕರ ಉರು ಹೊಡೆಸಿ ಅವುಗಳ ಸೊಗಸಾದ ಲೆಕ್ಕವನ್ನು ಒಣಗಿಸಿಬಿಟ್ಟಿದ್ದೇವೆ. ಮಾಯಾಮಾಳವಗೌಳ ಎಷ್ಟನೇ ಮೇಳ ಅಂದೆ. ಹುಡುಗಿ ಥಟ್ಟನೆ 15 ಅಂದಳು. ಯಾಕೆ 15 ಅಂದರೆ ಸುಮ್ಮನಾದಳು. ಬೆರಳು ಮಡಚಿ ಎಣಿಸೋಣ ಬಾ ಅಂದೆ. ಷಡ್ಜ, ಪಂಚಮ ಕದಲುವುದಿಲ್ಲ. ರಿ, ಗ ಎರಡೂ ಸೇರಿ ಕೂರುವ ಬಗೆ ಆರು, ಧ, ನಿ ಕೂರುವ ಬಗೆ ಆರು. ಆರಾರಲೆ 36. ಶುದ್ಧ ಮಧ್ಯಮಕ್ಕೆ 36, ಪ್ರತಿ ಮಧ್ಯಮಕ್ಕೆ 36, ಒಟ್ಟು 72. ಇನ್ನು ಹೆಸರು. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ಮಕಾರಕ್ಕೆ 5, ಯಕಾರಕ್ಕೆ 1. "ಮಾಯಾ" ಅಂದರೆ 51, ತಿರುಗಿಸಿದರೆ 15. ಹರಿಕಾಂಭೋಜಿಯ ಹಕಾರಕ್ಕೆ 8, ರಕಾರಕ್ಕೆ 2. ಅದು ಎಷ್ಟನೇ ಮೇಳ ನೀನೇ ಹೇಳು ಅಂದೆ. "28!" ಅಂತ ಕೂಗಿದಳು. ಮೇಳಕರ್ತದ ಪಟ್ಟಿಯನ್ನು ಎಷ್ಟೋ ಸಲ ಒಪ್ಪಿಸಿದ್ದ ಹುಡುಗಿ, ಅದು ತೆರೆದುಕೊಳ್ಳುವುದನ್ನು ಮೊದಲ ಸಲ ಕಂಡಳು.

ಈ 72ರ ಲೆಕ್ಕವನ್ನು ಕಟ್ಟಿದ್ದು ವೆಂಕಟಮಖಿ, 17ನೇ ಶತಮಾನದಲ್ಲಿ, ತಂಜಾವೂರಿನಲ್ಲಿ. ಗ್ರಂಥದ ಹೆಸರು ಚತುರ್ದಂಡೀ ಪ್ರಕಾಶಿಕೆ. ಅವರ ತಂದೆ ಗೋವಿಂದ ದೀಕ್ಷಿತರು ನಾಯಕ ಅರಸರ ಮಂತ್ರಿ, ಕನ್ನಡ ಮನೆತನದವರು. ನನಗೆ ಬಹಳ ಇಷ್ಟವಾದದ್ದು ಏನೆಂದರೆ, ಆ 72ರಲ್ಲಿ ತಮ್ಮ ಕಾಲದಲ್ಲಿ ಬಳಕೆಯಲ್ಲಿದ್ದದ್ದು 19 ಮಾತ್ರ ಅಂತ ವೆಂಕಟಮಖಿಗೆ ಚೆನ್ನಾಗಿ ಗೊತ್ತಿತ್ತು. ಮಿಕ್ಕ 53 ಯಾರೂ ಹಾಡದ ಮೇಳಗಳು. ಲೆಕ್ಕ ಅವನ್ನು ಕೇಳಿತು, ಅವರು ಜಾಗ ಬಿಟ್ಟರು. ಮುಂದೆ ವಾಗ್ಗೇಯಕಾರರು ಒಬ್ಬೊಬ್ಬರಾಗಿ ಆ ಜಾಗಗಳಿಗೆ ಬಂದು ಕೂತರು. ಕೋಟೀಶ್ವರ ಅಯ್ಯರ್ ಅಂತೂ 72ಕ್ಕೂ ಕೃತಿ ಮಾಡಿದರು. ಶಾಸ್ತ್ರ ಹಾಡಿನ ಹಿಂದೆ ಕುಂಟುತ್ತಾ ಬರುತ್ತೆ ಅಂತಾರಲ್ಲ, ಇಲ್ಲಿ ನೋಡಿ, ಮುಂದೆ ಹೋಗಿ ಕಾದು ನಿಂತಿದೆ.

ಇದೆಲ್ಲ ಎಲ್ಲೋ ದೂರದ ಕಥೆ ಅಲ್ಲ. ಶಾರ್ಙ್ಗದೇವನ ಸಂಗೀತ ರತ್ನಾಕರಕ್ಕೆ ಕಲ್ಲಿನಾಥ ಟೀಕೆ ಬರೆದದ್ದು ವಿಜಯನಗರದಲ್ಲಿ. ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿ ಬರೆದದ್ದು ಅಳಿಯ ರಾಮರಾಯನ ಆಶ್ರಯದಲ್ಲಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಅರಸನಾಗಿದ್ದುಕೊಂಡೇ ಮಾನಸೋಲ್ಲಾಸದಲ್ಲಿ ಹಾಡು, ವಾದ್ಯ, ಕುಣಿತಗಳಿಗೆ ಪುಟ ಪುಟ ಮೀಸಲಿಟ್ಟ. ಉತ್ತರಕ್ಕೆ ಹೋಗಿ ನರ್ತನನಿರ್ಣಯ ಬರೆದ ಪುಂಡರೀಕ ವಿಠ್ಠಲ ನಮ್ಮ ಶಿವಗಂಗೆಯ ಸೀಮೆಯವನು. ಆ ಗ್ರಂಥವನ್ನು ಸಂಪಾದಿಸಿ ವಿವರಿಸಿದವರು ಇದೇ ಮೈಸೂರಿನ ರಾ. ಸತ್ಯನಾರಾಯಣ. ನಮ್ಮ ನೆಲದಲ್ಲಿ ಇಷ್ಟು ಬೆಳೆದ ಶಾಸ್ತ್ರವನ್ನು ಓದುವುದಕ್ಕೆ ನಮ್ಮ ಮಕ್ಕಳು ಅಳುಕಬೇಕೇ?

ಹುಡುಗಿ ಕೇಳಿದಳು: "ಕ್ಲಾಸಿನಲ್ಲಿ ಏನು ಮಾಡಿಸ್ತಾರೆ ಆಂಟಿ, ಬರೀ ಶ್ಲೋಕನಾ?"

ನನ್ನ ಎರಡನೇ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು. ನಮ್ಮ ಮೇಷ್ಟ್ರು ಹಳೆಯ ಗ್ರಾಮಫೋನ್ ತಂದಿದ್ದರು. ತೋಡಿ ರಾಗದ ಒಂದು ಪ್ಲೇಟು. ಒಂದೇ ಒಂದು ಸಾಲನ್ನು ಹತ್ತು ಸಲ ಹಾಕಿ, ಕೇಳಿದ್ದನ್ನು ಸ್ವರಲಿಪಿಯಲ್ಲಿ ಬರೀರಿ ಅಂದರು. ನಾವು ಹನ್ನೊಂದು ಜನ. ಹನ್ನೊಂದು ಥರ ಬರೆದೆವು. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವುದಿಲ್ಲ, ರಿಷಭ ಮಧ್ಯಮಗಳ ನಡುವೆ ತೂಗುತ್ತಲೇ ಇರುತ್ತೆ. ಒಬ್ಬಳು ಬರೀ "ಗ" ಅಂತ ಬರೆದಿದ್ದಳು, ಇನ್ನೊಬ್ಬಳು "ರಿಗರಿಗ", ನಾನು "ಮಗರಿಗ". ಯಾರದು ತಪ್ಪು ಅಂತ ಹೇಳ್ತಾರೋ ಅಂತ ಕಾದೆವು. ಮೇಷ್ಟ್ರು ಎಲ್ಲವನ್ನೂ ಬೋರ್ಡಿನ ಮೇಲೆ ಸಾಲಾಗಿ ಬರೆಸಿ, "ಯಾರೂ ಬರೆಯೋಕೆ ಆಗದೆ ಬಿಟ್ಟದ್ದು ಏನು, ಅದನ್ನು ಹೇಳಿ" ಅಂದರು. ಆಮೇಲೆ ಪ್ಲೇಟಿನ ವೇಗ ಒಂದಿಷ್ಟು ಹೆಚ್ಚಿಸಿದರು. ಶ್ರುತಿಯೇ ಏರಿಬಿಟ್ಟಿತು. ಹಾಗಾದರೆ ಹಾಡಿದವರ ನಿಜವಾದ ಶ್ರುತಿ ಯಾವುದು? ಆ ಗಂಟೆ ಮುಗಿದರೂ ಯಾರೂ ಏಳಲಿಲ್ಲ.

ಬರವಣಿಗೆಯ ಈ ಕಷ್ಟದ ಜೊತೆ ಹೆಣಗಿದವರು ಎಟ್ಟಯಪುರದ ಸುಬ್ಬರಾಮ ದೀಕ್ಷಿತರು. ಅವರ ಸಂಗೀತ ಸಂಪ್ರದಾಯ ಪ್ರದರ್ಶಿನಿ 1904ರಲ್ಲಿ ಅಚ್ಚಾಯಿತು, ಗಮಕಗಳಿಗೇ ಬೇರೆ ಬೇರೆ ಗುರುತು ಹಾಕಿಕೊಂಡು. ಅದು ಇರುವುದು ತೆಲುಗು ಲಿಪಿಯಲ್ಲಿ, ಕನ್ನಡದವರಿಗೆ ವಾರದಲ್ಲಿ ಹಿಡಿತಕ್ಕೆ ಬರುತ್ತೆ. ಕಲಿ ಅಂತ ಹುಡುಗಿಗೆ ಹೇಳಿದೆ. ಜೊತೆಯ ವಿಷಯಗಳಲ್ಲಿ ಸಂಸ್ಕೃತ ಸಿಕ್ಕರೆ ಬಿಡಬೇಡ, ಇಲ್ಲವಾದರೆ ಇತಿಹಾಸ ತಗೋ ಅಂತಲೂ ಹೇಳಿದೆ.

ಕೆಲಸದ ಮಾತು ಬಂದೇ ಬಂತು. ಮುಚ್ಚಿಡಲಿಲ್ಲ. 2024ರಿಂದ ನಮ್ಮಲ್ಲಿ ಪದವಿ ಮತ್ತೆ ಮೂರು ವರ್ಷ. ಬಿ.ಎ. ಒಂದರಿಂದಲೇ ದೊಡ್ಡ ಸಂಬಳ ಬರೋಲ್ಲ. ಎಂ.ಎ. ಮಾಡಬೇಕು, ಕಾಲೇಜಿನಲ್ಲಿ ಕಲಿಸಬೇಕಾದರೆ ನೆಟ್‌ನಂಥ ಅರ್ಹತಾ ಪರೀಕ್ಷೆ ಬರೀಬೇಕು. ಸಂಗೀತಕ್ಕೂ ನೆಟ್ ಇದೆ. ಶಾಲೆ, ಆಕಾಶವಾಣಿ, ಧ್ವನಿಮುದ್ರಣದ ಕೆಲಸ, ಹಳೆಯ ಪ್ಲೇಟು, ಹಸ್ತಪ್ರತಿ ಕಾಪಾಡುವ ಜಾಗ, ಹೀಗೆ ದಾರಿಗಳು ಇವೆ, ಕಿರಿದಾಗಿವೆ. ಸಂಗೀತಕ್ಕೇ ಅಂತ ಗಂಗೂಬಾಯಿ ಹಾನಗಲ್ಲರ ಹೆಸರಿನ ವಿಶ್ವವಿದ್ಯಾಲಯ ಇದೇ ಊರಲ್ಲಿದೆ, ಹಾಸ್ಟೆಲ್ ಖರ್ಚಿಲ್ಲ. ಇಷ್ಟನ್ನು ತೂಗಿ ನೋಡಿ ಅಂದೆ.

ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ, "ಅಕ್ಕಾ, ಒಂದು ಕೇಳ್ಲಾ? ಗೌರಿ ಆರತಿ ಹಾಡು ನಮ್ಮ ತೀರ್ಥಹಳ್ಳಿ ಕಡೆ ಒಂದು ಥರ ಹೇಳ್ತಾರೆ. ಮದುವೆಯಾಗಿ ನಂಜನಗೂಡಿಗೆ ಹೋದ ಮೇಲೆ ನಮ್ಮತ್ತೆ ಬೇರೆ ಥರ ಹೇಳಿಸಿದರು. ಮಾತು ಅದೇ, ಧಾಟಿ ಬೇರೆ. ಯಾಕೆ ಹಾಗೆ?"

"ಎರಡೂ ಹೇಳಿ ನೋಡೋಣ" ಅಂದೆ.

ನಾಚಿಕೆಯಿಂದ ಶುರುಮಾಡಿದರು. ತವರಿನ ಧಾಟಿ ಮೊದಲು, ಅತ್ತೆಯದು ಆಮೇಲೆ. ಹುಡುಗಿ ತಂಬೂರಿಯ ಕಿವಿ ತಿರುಗಿಸಿ ತಾಯಿಯ ಶ್ರುತಿಗೆ ತರುತ್ತಿದ್ದಳು. ಅರ್ಧದಲ್ಲಿ ಅವಳ ಕೈ ನಿಂತಿತು. "ಅಮ್ಮಾ, ಅಜ್ಜಿ ಮನೇದರಲ್ಲಿ ಮಧ್ಯಮವೇ ಇಲ್ಲ! ಇನ್ನೊಂದು ಸಲ ಹೇಳು. ಇರು, ಇರು, ಫೋನ್ ತರ್ತೀನಿ" ಅಂತ ಗೇಟಿನ ಕಡೆ ಓಡಿದಳು.

ತಾಯಿ ಕರಿಬೇವನ್ನು ಕಾಂಪೌಂಡಿನ ಮೇಲೆ ಇಟ್ಟು, ಸೆರಗು ಸರಿಮಾಡಿಕೊಂಡು ಮಗಳಿಗಾಗಿ ಕಾದರು.