ನನ್ನ ಸ್ವಿಚ್ಚು ಎಲ್ಲಿದೆ ಅಂತ ಮನೆಯವರನ್ನೇ ಕೇಳಿ!

ಬೆಂಗಳೂರಿನ ಕನಕಪುರ ರಸ್ತೆಯ ಕಡೆ, ಹನ್ನೆರಡನೇ ಮಹಡಿಯಲ್ಲೊಂದು ಮೂರು ಬೆಡ್‌ರೂಮಿನ ಫ್ಲ್ಯಾಟು. ಇಂಟೀರಿಯರ್ ಕೆಲಸ ಮುಗಿದು ಒಂದು ವರ್ಷವಾಗಿದೆ, ಅದಕ್ಕೆ ತೆಗೆದ ಸಾಲ ಮುಗಿಯುವುದಕ್ಕೆ ಇನ್ನೂ ನಾಲ್ಕು ವರ್ಷವಿದೆ. ಮನೆಯವರೆಲ್ಲ ಮಾಲ್‌ಗೆ ಹೋಗಿದ್ದ ಭಾನುವಾರ ಮಧ್ಯಾಹ್ನ, ಅಡುಗೆಮನೆಯ ಗೋಡೆಯಲ್ಲಿ ಕರಿಗಾಜಿನ ಮೋರೆ ಹೊತ್ತು ನಿಂತಿರುವ ಚಿಮ್ನಿ ಮಾತಿಗೆ ಸಿಕ್ಕಿತು. ಮನೆಯಲ್ಲಿದ್ದ ಅಜ್ಜಿ, "ಅದರ ಹತ್ರ ಏನ್ ಮಾತಾಡ್ತೀಯಪ್ಪ, ಅದು ಬಾಯಿ ಬಿಟ್ಟಿದ್ದು ನಾನು ಕಂಡಿಲ್ಲ" ಎಂದು ಕಾಫಿ ಕೊಟ್ಟು ಯುಟಿಲಿಟಿಗೆ ಹೋದರು. ಅಲ್ಲಿಂದ ಸಂಡಿಗೆ ಕರಿಯುವ ಸದ್ದು ಬರುತ್ತಿತ್ತು.

ಪ್ರಶ್ನೆ: ನಮಸ್ಕಾರ. ಈ ಮನೆಯಲ್ಲಿ ತಮ್ಮ ಕೆಲಸ ಏನು?

ಚಿಮ್ನಿ: ಕಾಗದದ ಮೇಲೆ ಹೊಗೆ ಎಳೆಯುವುದು. ನಿಜವಾಗಿ ಮಾಡಿದ್ದು ಗೃಹಪ್ರವೇಶಕ್ಕೆ ಬಂದವರಿಗೆ ದರ್ಶನ ಕೊಟ್ಟಿದ್ದು. "ಓ, ಕೈ ಬೀಸಿದ್ರೆ ಆನ್ ಆಗುತ್ತಾ?" ಅಂತ ನೂರೈವತ್ತು ಜನ ಸಾಲಾಗಿ ಬಂದು ನನ್ನ ಮುಂದೆ ಕೈ ಬೀಸಿ ಹೋದರು. ಅವತ್ತು ನಾನು ಆನ್ ಆದಷ್ಟು ಸಲ ಆಮೇಲೆ ಇಡೀ ವರ್ಷದಲ್ಲಿ ಆಗಿಲ್ಲ.

ಪ್ರಶ್ನೆ: ಆಮೇಲೆ?

ಚಿಮ್ನಿ: ಆಮೇಲೆ ಹಾಲು ಉಕ್ಕಿಸಿದರು. ಅದಕ್ಕೆ ನಾನು ಬೇಕಾಗಿರಲಿಲ್ಲ. ಮಾರನೇ ದಿನ ಡಿಸೈನರ್ ಬಂದು ಫೋಟೋ ಹೊಡೆದುಕೊಂಡು ಹೋದರು. ಫೋಟೋದಲ್ಲಿ ನನ್ನ ಕೆಳಗೆ ಒಂದು ಬಟ್ಟಲು ಹಸಿರು ಸೇಬು. ಈ ಮನೆಯಲ್ಲಿ ಹಸಿರು ಸೇಬು ತಿನ್ನುವವರು ಯಾರೂ ಇಲ್ಲ. ಅವು ಡಿಸೈನರ್ ಬ್ಯಾಗಿನಲ್ಲೇ ಬಂದು ಬ್ಯಾಗಿನಲ್ಲೇ ವಾಪಸ್ ಹೋದವು.

ಪ್ರಶ್ನೆ: ಮೊದಲು ತೋರಿಸಿದ ತ್ರೀಡಿ ಚಿತ್ರದಲ್ಲಿ ಇದ್ದಂತೆಯೇ ಅಡುಗೆಮನೆ ಬಂದಿದೆ ಎಂದು ಮನೆಯವರಿಗೆ ಹೆಮ್ಮೆಯಂತೆ.

ಚಿಮ್ನಿ: ಬಂದಿದೆ, ಅದೇ ತೊಂದರೆ. ಆ ಚಿತ್ರ ನೋಡಿದ್ದೀರಾ? ಅದರಲ್ಲಿ ಕುಕ್ಕರ್ ಇರಲಿಲ್ಲ. ಮಿಕ್ಸಿ ಇರಲಿಲ್ಲ, ಅದರ ವೈರೂ ಇರಲಿಲ್ಲ. ಇಪ್ಪತ್ತೈದು ಕೆಜಿ ಅಕ್ಕಿ ಚೀಲ, ಇಡ್ಲಿ ಪಾತ್ರೆ, ದೋಸೆ ಕಾವಲಿ, ಉಪ್ಪಿನಕಾಯಿ ಭರಣಿ, ಮಸಿಬಟ್ಟೆ, ಊರಿಂದ ಬಂದ ತೆಂಗಿನಕಾಯಿ, ಒಂದೂ ಇರಲಿಲ್ಲ. ಚಿತ್ರದಲ್ಲಿ ಇಲ್ಲದ್ದಕ್ಕೆ ಜಾಗವೂ ಇಲ್ಲ. ಈಗ ಅಕ್ಕಿ ಚೀಲ ಗೆಸ್ಟ್ ರೂಮಿನ ಮಂಚದ ಕೆಳಗೆ ಮಲಗಿದೆ. ತೆಂಗಿನಕಾಯಿಗಳು ಶೂ ರ್‍ಯಾಕಿನಲ್ಲಿವೆ.

ಪ್ರಶ್ನೆ: ನಿಮ್ಮ ಎಳೆತದ ಶಕ್ತಿಯ ಬಗ್ಗೆ ಅಂಗಡಿಯವರು ಬಹಳ ಹೇಳಿದ್ದರಂತೆ.

ಚಿಮ್ನಿ: ಗಂಟೆಗೆ 1,200 ಘನ ಮೀಟರ್! ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದೆ. ನೀವೇ ಲೆಕ್ಕ ಹಾಕಿ. ಎಂಟಡಿ ಅಗಲ, ಹತ್ತಡಿ ಉದ್ದ, ಒಂಬತ್ತೂವರೆ ಅಡಿ ಎತ್ತರದ ಅಡುಗೆಮನೆಯಲ್ಲಿ ಹಿಡಿಸುವ ಗಾಳಿ ಸುಮಾರು 21 ಘನ ಮೀಟರ್. ಅಂದರೆ ನಿಮಿಷಕ್ಕೆ ಒಂದು ಸಲದ ಹತ್ತಿರ ಕೋಣೆಯ ಗಾಳಿಯನ್ನೆಲ್ಲ ಬದಲಿಸಿಬಿಡುವ ತಾಕತ್ತು ನನ್ನದು. (ಎದೆ ಉಬ್ಬಿಸಿತು. ಹಳದಿ ಎಣ್ಣೆಯ ಒಂದು ಹನಿ ಕೆಳಗಿನ ಗಾಜಿನ ಒಲೆಯ ಮೇಲೆ ಬಿತ್ತು.) ಕ್ಷಮಿಸಿ. ಆದರೆ ಈ ಅಂಕಿ ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗಿನದು. ಪೈಪು ಆರಿಂಚು ಅಗಲವಿದ್ದು, ಗೋಡೆ ತೂರಿ ನೆಟ್ಟಗೆ ಆಚೆ ಹೋದರೆ ಏನೋ ಒಂದಿಷ್ಟು ಉಳಿದೀತು. ನನ್ನ ಪೈಪು ಫಾಲ್ಸ್ ಸೀಲಿಂಗಿನೊಳಗೆ ನುಗ್ಗಿ, ತೊಲೆ ಅಡ್ಡ ಬಂತೆಂದು ಬಾಗಿ, ಫ್ರಿಜ್ಜಿನ ತಲೆಯ ಮೇಲೆ ಮತ್ತೊಮ್ಮೆ ಹೊರಳಿ, ಹದಿನಾಲ್ಕಡಿ ತೆವಳುತ್ತದೆ. ಒಂದೊಂದು ತಿರುವೂ ಒಂದಿಷ್ಟು ಉಸಿರು ತಿನ್ನುತ್ತದೆ.

ಪ್ರಶ್ನೆ: ನೆಟ್ಟಗೆ ಕಿಟಕಿಯ ಪಕ್ಕ ಇಡಬಹುದಿತ್ತಲ್ಲ?

ಚಿಮ್ನಿ: ಬಿಲ್ಡರ್ ಅಲ್ಲೇ ಇಟ್ಟಿದ್ದ. ವಾಸ್ತುವಿನವರು ಬಂದರು. ಒಲೆ ಆಗ್ನೇಯದಲ್ಲಿರಬೇಕು, ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಬೇಕು ಅಂದರು. ಒಲೆ ಈ ಮೂಲೆಗೆ ಬಂತು, ಹಿಂದೆಯೇ ನಾನೂ ಬಂದೆ. ಕಿಟಕಿಯ ಜಾಗ ಖಾಲಿಯಾಯಿತಲ್ಲ, ಡಿಸೈನರ್ ಅಲ್ಲಿಗೆ ಏಳಡಿಯ ಟಾಲ್ ಯೂನಿಟ್ ತಂದು ನಿಲ್ಲಿಸಿದರು. ಒಳಗೆ ಮೈಕ್ರೋವೇವ್, ಓವನ್, ಎಳೆದರೆ ಸರ್ರನೆ ಬರುವ ತಂತಿಬುಟ್ಟಿ. ಕಿಟಕಿ ಈಗ ಅದರ ಬೆನ್ನಿನ ಹಿಂದಿದೆ. ಹೊರಗಿನಿಂದ ನೋಡಿದರೆ ಗಾಜು ಕಾಣುತ್ತದೆ, ಒಳಗಿನಿಂದ ಪ್ಲೈವುಡ್.

ಇನ್ನೊಂದು ಮಾತು ಬರೆದುಕೊಳ್ಳಿ, ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ನಾನು ಎಷ್ಟು ಗಾಳಿ ಆಚೆ ಕಳಿಸುತ್ತೇನೋ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು. ಬಾರದಿದ್ದರೆ ನಾನು ಬರೀ ಗೊರಗುಟ್ಟುತ್ತೇನೆ, ಹೊಗೆ ಅಲ್ಲೇ ನಿಂತಿರುತ್ತದೆ. ಕಿಟಕಿ ಮುಚ್ಚಿ ಚಿಮ್ನಿ ಹಾಕಿಸುವುದು, ಬಾವಿ ಮುಚ್ಚಿ ಪಂಪ್ ಕೂರಿಸಿದ ಹಾಗೆ.

ಪ್ರಶ್ನೆ: ಪೈಪಿನ ಇನ್ನೊಂದು ತುದಿ ಎಲ್ಲಿದೆ?

ಚಿಮ್ನಿ: (ಬಹಳ ಹೊತ್ತು ಸುಮ್ಮನಿದ್ದು) ಯುಟಿಲಿಟಿಯಲ್ಲಿ.

ಪ್ರಶ್ನೆ: ಅದು ಹೊರಗಲ್ಲವೇ?

ಚಿಮ್ನಿ: ನಕ್ಷೆಯಲ್ಲಿ ಹೊರಗೇ. ಆದರೆ ಪಾರಿವಾಳದ ಕಾಟ, ಮಳೆಯ ಇರಚಲು, ಮೇಲಾಗಿ ವಾಷಿಂಗ್ ಮೆಷಿನ್ ಬೇರೆ ಅಲ್ಲಿದೆ. ಆರನೇ ತಿಂಗಳಿಗೆ ಸ್ಲೈಡಿಂಗ್ ಗಾಜು ಕೂರಿಸಿ ಭದ್ರ ಮಾಡಿದರು. ಈಗ ಇಲ್ಲಿ ಎಳೆದ ಹೊಗೆಯನ್ನು ಅಲ್ಲಿ ಬಿಡುತ್ತೇನೆ. ಅದು ಬಾಗಿಲ ಸಂದಿಯಿಂದ ಮತ್ತೆ ಇಲ್ಲಿಗೇ ಬರುತ್ತದೆ. ನನಗೂ ಪರಿಚಯದ ಮುಖ, ಮಾತಾಡಿಸುತ್ತೇನೆ.

ಪ್ರಶ್ನೆ: ಆದರೆ ಅಜ್ಜಿ ಈಗ ಅಲ್ಲೇ ಸಂಡಿಗೆ ಕರಿಯುತ್ತಿದ್ದಾರಲ್ಲ?

ಚಿಮ್ನಿ: ಅಸಲಿ ಅಡುಗೆಯೆಲ್ಲ ಅಲ್ಲೇ. "ಈ ಕಿಚನ್ ಎಣ್ಣೆ ಜಿಡ್ಡಾಗುತ್ತೆ, ಅಕ್ರಿಲಿಕ್ ಶಟರ್ ಹಾಳಾಗುತ್ತೆ" ಅಂತ ಮೂರನೇ ವಾರಕ್ಕೇ ಎರಡು ಬರ್ನರಿನ ಹಳೇ ಸ್ಟೌ ಯುಟಿಲಿಟಿ ಸೇರಿತು. ಇಲ್ಲಿ ಹಾಲು ಬಿಸಿಯಾಗುತ್ತದೆ, ಮ್ಯಾಗಿ ಬೇಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹುರಿಯುವುದು, ಇಂಗಿನ ಒಗ್ಗರಣೆ, ಮೀನು, ಹಪ್ಪಳ ಎಲ್ಲ ಅಲ್ಲಿ. ಹೊಗೆ ಇರುವ ಕಡೆ ಚಿಮ್ನಿ ಇಲ್ಲ, ಚಿಮ್ನಿ ಇರುವ ಕಡೆ ಹೊಗೆ ಇಲ್ಲ.

ಇನ್ನು ಮುದ್ದೆಯ ಕಥೆ ಕೇಳಿ. ಅಜ್ಜಿ ಮಂಡ್ಯದ ಕಡೆಯವರು. ಬಂದ ಮೊದಲ ವಾರ ಈ ಗ್ಲಾಸ್ ಟಾಪಿನ ಮೇಲೆಯೇ ಹಿಟ್ಟು ತೊಳಸಲು ಹೋದರು. ಕಟ್ಟೆಯ ಎತ್ತರ 34 ಇಂಚು, ಅಜ್ಜಿಯ ಎತ್ತರ ಐದಡಿಗೂ ಕಮ್ಮಿ. ಭುಜ ಎತ್ತಿ ಒತ್ತಿದರೆ ಪಾತ್ರೆ ಜಾರುತ್ತದೆ, ಜೋರಾಗಿ ಒತ್ತಿದರೆ ಗಾಜು ಒಡೆಯುತ್ತದೆಂದು ಸೊಸೆಗೆ ಜೀವ ಹೋಗುತ್ತದೆ. ಈಗ ಯುಟಿಲಿಟಿಯ ನೆಲದಲ್ಲಿ ಗೋಣಿತಾಟು ಹಾಸಿ, ಅದರ ಮೇಲೆ ಪಾತ್ರೆ ಇಟ್ಟು, ಕವೆಗೋಲು ಸಿಕ್ಕಿಸಿ ಅದರ ತುದಿಯನ್ನು ಪಾದದಿಂದ ಮೆಟ್ಟಿಕೊಂಡು ತೊಳಸುತ್ತಾರೆ. ಒಂದು ಗಂಟೂ ಇರುವುದಿಲ್ಲ. ಹದಿನಾಲ್ಕು ಲಕ್ಷದ ಇಂಟೀರಿಯರಿನಲ್ಲಿ ಮುದ್ದೆಗೆ ಒದಗಿದ್ದು ಎರಡಡಿ ನೆಲ.

ಪ್ರಶ್ನೆ: ಮಾಡ್ಯುಲರ್ ಕಿಚನ್ ಅನ್ನುವ ಕಲ್ಪನೆಯೇ ತಪ್ಪೇ?

ಚಿಮ್ನಿ: ಛೇ, ಹಾಗನ್ನಬೇಡಿ. ಈ ಪೆಟ್ಟಿಗೆಗಳ ವಂಶ ದೊಡ್ಡದು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ, ಸಾಮಾನ್ಯ ದುಡಿಯುವ ಜನರ ಮನೆಗಳಿಗೆಂದು ಒಂದು ಅಡುಗೆಮನೆ ರೂಪಿಸಿದರು. ಆರೂವರೆ ಚದರ ಮೀಟರ್ ಅಷ್ಟೇ. ಅಡುಗೆ ಮಾಡುವವಳು ಎಷ್ಟು ಹೆಜ್ಜೆ ನಡೆಯುತ್ತಾಳೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ ಮಾಡಿದ್ದು. ರೈಲಿನ ಊಟದ ಬೋಗಿಯ ಅಡುಗೆಮನೆ ಅವರಿಗೆ ಮಾದರಿ. ಹಿಟ್ಟಿಗೊಂದು, ಅಕ್ಕಿಗೊಂದು ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿ. ತರಕಾರಿ ಹೆಚ್ಚುವ ಮೇಜು ಕಿಟಕಿಗೆ ಎದುರಾಗಿ, ಕೂರಲು ಸ್ಟೂಲು, ಸಿಪ್ಪೆ ತಳ್ಳಲು ಮೇಜಿನಲ್ಲೇ ಒಂದು ಕಂಡಿ. ಅಂಥವು ಸುಮಾರು 10,000 ಮನೆಗಳಿಗೆ ಹೋದವು. ಗಮನಿಸಿ, ಕಿಟಕಿಗೆ ಎದುರಾಗಿ!

ಇಲ್ಲಿ ಅಳತೆಗೆ ಬಂದ ಹುಡುಗ ಲೇಸರ್ ಹಿಡಿದು ಗೋಡೆಗಳನ್ನೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ಅಳೆದ. ಅಡುಗೆ ಮಾಡುವವರನ್ನು ಅಳೆಯಲಿಲ್ಲ. ಬೆಳಗ್ಗೆ ಬರುವ ಅಡುಗೆ ಅಕ್ಕ ಮೇಲಿನ ಶೆಲ್ಫಿನಿಂದ ಸಾರಿನ ಪುಡಿ ತೆಗೆಯಲು ಪ್ಲಾಸ್ಟಿಕ್ ಸ್ಟೂಲ್ ಹತ್ತುತ್ತಾರೆ. ಆ ಸ್ಟೂಲೂ ತ್ರೀಡಿಯಲ್ಲಿ ಇರಲಿಲ್ಲ.

ಪ್ರಶ್ನೆ: ಹಾಗಾದರೆ ಹೆಂಚಿನ ಮನೆ, ಬೆಳಕಿಂಡಿ, ಸೌದೆ ಒಲೆಯ ಕಾಲವೇ ಆರೋಗ್ಯಕ್ಕೆ ಚೆನ್ನಾಗಿತ್ತು ಎನ್ನುತ್ತೀರಾ?

ಚಿಮ್ನಿ: ಮೆಲ್ಲಗೆ ಹೇಳಿ, ಅಜ್ಜಿ ಕೇಳಿಸಿಕೊಂಡರೆ ಕಾಫಿ ಲೋಟ ಕಿತ್ತುಕೊಳ್ಳುತ್ತಾರೆ. ಮೂವತ್ತು ವರ್ಷ ಊದುಗೊಳವೆ ಊದಿ ಕಣ್ಣು ಕೆಡಿಸಿಕೊಂಡವರು ಅವರು. ಆ ಕಾಲವನ್ನು ಹೊಗಳುವವರೆಲ್ಲ ಜಗಲಿಯಲ್ಲಿ ಕೂತಿದ್ದವರು. ನಿಜವಾಗಿ ಹೊಗೆಗೆ ದಾರಿ ತೋರಿಸಿದ ಒಬ್ಬ ದೊಡ್ಡಪ್ಪ ನಮ್ಮ ವಂಶದಲ್ಲಿದ್ದಾನೆ, ಅಸ್ತ್ರ ಒಲೆಯ ಕೊಳವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಕೇಂದ್ರ ಕಟ್ಟಿದರಲ್ಲ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೆಲಸ ನಡೆಯುತ್ತಿತ್ತಲ್ಲ, ಅಲ್ಲಿಂದ ಬಂದ ಒಲೆ. ಮೂರು ಪಾತ್ರೆಗೆ ಮೂರು ಬಾಯಿ, ಕೊನೆಯಲ್ಲಿ ಒಂದು ಕೊಳವೆ. ಮೋಟರೂ ಇಲ್ಲ, ಕರೆಂಟೂ ಇಲ್ಲ. ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ, ಏರುವಾಗ ಒಲೆಯ ಬಾಯಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ, ಸೌದೆಯೂ ಕಮ್ಮಿ ಸಾಕು. ದೊಡ್ಡಪ್ಪನ ಮುಂದೆ ಯಾರೂ ಕೈ ಬೀಸಬೇಕಾಗಿರಲಿಲ್ಲ. ಅವನ ಫೋಟೋವನ್ನೂ ಯಾರೂ ತೆಗೆಯಲಿಲ್ಲ ಅನ್ನಿ.

ಪ್ರಶ್ನೆ: ಗ್ಯಾಸ್ ಒಲೆಯಲ್ಲಿ ಅಂಥ ಹೊಗೆಯೇ ಇಲ್ಲವಲ್ಲ?

ಚಿಮ್ನಿ: ಸೌದೆಯ ಹೊಗೆ ಇಲ್ಲ. ಕಾದ ಎಣ್ಣೆಯ ಹೊಗೆ? ಜೋರು ಉರಿಯಲ್ಲಿ ಕರಿಯುವಾಗ ಏಳುವ ಆವಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅನುಮಾನದ ಪಟ್ಟಿಯಲ್ಲಿ ಸಾಕಷ್ಟು ಮೇಲೆಯೇ ಇಟ್ಟಿದೆ. ಮನೆಯವರು ಆರೋಗ್ಯದ ಕಾಳಜಿ ಇಲ್ಲದವರಲ್ಲ. ಬೆಡ್‌ರೂಮಿಗೆ ಏರ್ ಪ್ಯೂರಿಫೈಯರ್ ತಂದಿದ್ದಾರೆ. ಅಜ್ಜಿ ಒಗ್ಗರಣೆ ಹಾಕಿದಾಗಲೆಲ್ಲ ಅದರ ದೀಪ ಕೆಂಪಾಗುತ್ತದೆ. "ನೋಡು, ಬೆಂಗಳೂರಲ್ಲಿ ಪಲ್ಯೂಷನ್ ಎಷ್ಟಾಗಿದೆ" ಅಂತ ಎದ್ದು ಬಾಲ್ಕನಿ ಬಾಗಿಲು ಹಾಕುತ್ತಾರೆ.

ಪ್ರಶ್ನೆ: ಗಿಡಗಳನ್ನೂ ಇಟ್ಟಿದ್ದಾರೆ.

ಚಿಮ್ನಿ: ಇಟ್ಟಿದ್ದಾರೆ, ಚೆನ್ನಾಗಿವೆ. ಗಾಳಿ ಶುದ್ಧವಾಗಲಿ ಅಂತ. ನಾಸಾದವರು 1989ರಲ್ಲಿ ಆ ಪ್ರಯೋಗ ಮಾಡಿದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ. ಈ ಫ್ಲ್ಯಾಟಿಗೆ ಸಾಲುವಷ್ಟು ಗಿಡ ಇಡಬೇಕಾದರೆ ಗಿಡಗಳು ಒಳಗಿದ್ದು ಮನೆಯವರು ಲಿಫ್ಟಿನಲ್ಲಿ ವಾಸಿಸಬೇಕು.

ಪ್ರಶ್ನೆ: ನಿಮ್ಮ ನೆರೆಹೊರೆಯವರ ಬಗ್ಗೆ ಏನಾದರೂ...

ಚಿಮ್ನಿ: ಈ ಕಪಾಟುಗಳ ಬಗ್ಗೆಯೇ? ಮೊದಲ ಕೆಲವು ತಿಂಗಳು ಬಾಗಿಲು ತೆಗೆದರೆ ಕಣ್ಣುರಿಸುವ ವಾಸನೆ. ಮನೆಯವರು ಖುಷಿಯಿಂದ "ಹೊಸ ಮನೆ ವಾಸನೆ" ಅಂದುಕೊಂಡರು. ಪ್ಲೈವುಡ್ಡು, ಎಂಡಿಎಫ್ ಅಂಟಿಸುವ ಗೋಂದಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅದು. 2004ರಲ್ಲೇ ಕ್ಯಾನ್ಸರ್ ತರುವ ವಸ್ತು ಎಂದು ತೀರ್ಮಾನವಾಗಿರುವಂಥದ್ದು. ಶೋರೂಮಿನಲ್ಲಿ ಮನೆಯವರು ಡ್ರಾಯರನ್ನು ಇಪ್ಪತ್ತು ಸಲ ತಳ್ಳಿ "ಸಾಫ್ಟ್ ಕ್ಲೋಸ್ ಇದೆಯಾ" ಅಂತ ನೋಡಿದರು. ಗೋಂದು ಯಾವ ದರ್ಜೆಯದು ಅಂತ ಒಬ್ಬರೂ ಕೇಳಲಿಲ್ಲ. ಸಿಂಕಿನ ಕೆಳಗೆ ನೀರು ತಡೆಯುವ ಐಎಸ್ 710 ಪ್ಲೈ ಅಂತ ಕೊಟೇಶನ್ನಿನಲ್ಲಿತ್ತು. ಈಗ ಅಲ್ಲಿ ಉಬ್ಬಿಕೊಂಡಿರುವುದು ಏನೆಂದು ನಾನು ಹೇಳಲಾರೆ, ನೆರೆಮನೆಯವರ ಮರ್ಯಾದೆ. ಮೇಲೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಎಲ್ಲರದ್ದೂ ಒಂದೇ ಜಾತಿ.

ಪ್ರಶ್ನೆ: ನಿಮ್ಮನ್ನು ಆನ್ ಮಾಡದಿರುವುದಕ್ಕೆ ಮನೆಯವರ ಕಾರಣ ಏನು?

ಚಿಮ್ನಿ: ಓಪನ್ ಕಿಚನ್. ನಡುವಿನ ಗೋಡೆ ಒಡೆಸಿದ್ದಾರೆ. ನಾನು ಓಡಿದರೆ ಹಾಲಿನಲ್ಲಿ ಧಾರಾವಾಹಿ ಕೇಳಿಸುವುದಿಲ್ಲ. ನಾನು ಓಡದಿದ್ದರೆ ಯುಟಿಲಿಟಿಯಿಂದ ನುಸುಳಿದ ಒಗ್ಗರಣೆಯ ಘಾಟು ಸೋಫಾ ಸೇರುತ್ತದೆ. ಧಾರಾವಾಹಿ ಗೆದ್ದಿದೆ. ಸೋಫಾ ಈಗ ಹುಳಿಯ ವಾಸನೆ ಹೊಡೆಯುತ್ತದೆ. ಅದಕ್ಕೆಂದು ಒಂದು ಸುಗಂಧದ ಮೇಣದಬತ್ತಿ ಬಂದಿದೆ, ಲ್ಯಾವೆಂಡರ್. ಲ್ಯಾವೆಂಡರ್ ಹುಳಿ ಯಾರಾದರೂ ಮಾಡಿದ್ದಾರೋ ಇಲ್ಲವೋ, ಈ ಮನೆಗೆ ಬಂದರೆ ಅನುಭವವಾಗುತ್ತದೆ.

ಪ್ರಶ್ನೆ: ಸರ್ವಿಸ್ ಆಗುತ್ತಿದೆಯೇ?

ಚಿಮ್ನಿ: ಆಟೋ ಕ್ಲೀನ್ ಅಂದರೆ ತಾನೇ ಸ್ನಾನ ಮಾಡಿ ಬರುತ್ತದೆ ಅಂದುಕೊಂಡಿದ್ದಾರೆ. ಒಳಗಿನ ಜಿಡ್ಡು ಬಿಸಿಯಾಗಿ ಕರಗಿ ಈ ಪುಟ್ಟ ಬಟ್ಟಲಿಗೆ ಇಳಿಯುತ್ತದೆ, ಬಟ್ಟಲು ತುಂಬಿದರೆ ಯಾರೋ ಚೆಲ್ಲಬೇಕು. ನನ್ನಲ್ಲಿ ಇಂಥ ಬಟ್ಟಲಿದೆ ಎಂಬುದು ಈ ಮನೆಯಲ್ಲಿ ಗೊತ್ತಿರುವುದು ಅಡುಗೆ ಅಕ್ಕನಿಗೆ ಮಾತ್ರ. ಅವರನ್ನು ಯಾರೂ ಏನೂ ಕೇಳುವುದಿಲ್ಲ.

ಪ್ರಶ್ನೆ: ಕೊನೆಯದಾಗಿ, ಹೊಸದಾಗಿ ಇಂಟೀರಿಯರ್ ಮಾಡಿಸುವವರಿಗೆ ಏನಾದರೂ ಸಲಹೆ?

ಚಿಮ್ನಿ: ಡಿಸೈನರ್ ಮೊದಲ ದಿನ ಲ್ಯಾಪ್‌ಟಾಪ್ ಹಿಡಿದು ಬರುತ್ತಾರಲ್ಲ, ಅವತ್ತು ಅಡುಗೆಮನೆಯಲ್ಲೇ ಕೂರಿಸಿ. ಬಾಣಲೆಯಲ್ಲಿ ಅರ್ಧ ಕೆಜಿ ಗುಂಟೂರು ಮೆಣಸಿನಕಾಯಿ ಹಾಕಿ ಹುರಿಯಲು ಶುರು ಮಾಡಿ. ಕೆಮ್ಮುತ್ತಾ ಅವರು ಗಾಳಿಗೆಂದು ಯಾವ ಕಡೆ ಓಡುತ್ತಾರೋ ನೋಡಿಕೊಳ್ಳಿ. ಅಲ್ಲಿ ಟಾಲ್ ಯೂನಿಟ್ ಇಡಬೇಡಿ ಅಂತ ಹೇಳಿ.

ಪ್ರಶ್ನೆ: ಹಾಗೇ ಲಿಫ್ಟ್ ಹತ್ತಿ ಹೊರಟೇಹೋದರೆ?

ಚಿಮ್ನಿ: ಅಡ್ವಾನ್ಸ್ ಕೊಟ್ಟಿದ್ದೀರಾ?

ಪ್ರಶ್ನೆ: ಇಲ್ಲ.

ಚಿಮ್ನಿ: ಹಾಗಾದರೆ ಮೆಣಸಿನಕಾಯಿ ಹುರಿಯುವುದು ಮುಂದುವರಿಸಿ. ಹೇಗೂ ಸಾರಿನ ಪುಡಿ ಆಗಬೇಕಲ್ಲ.