ಉಪಗ್ರಹ ಕಾಕಾ

ಮರಾಠವಾಡದ ಗಡಿಯ ತುರೋರಿಯಂಥ ಊರಲ್ಲಿ ಸಮುದ್ರ ಕಂಡವರು ಕಡಿಮೆ. ಸಮುದ್ರದ ಮೇಲೆ ಈ ಗಳಿಗೆ ಏನು ನಡೆದಿದೆ ಎಂದು ಹೇಳಬಲ್ಲವರು ಮಾತ್ರ ಓಣಿಗೊಬ್ಬರು. ಉಮರ್ಗಾ, ನಿಲಂಗಾ, ಉದಗೀರ, ಯಾವ ಕಡೆ ಹೋದರೂ ಚಹಾದ ಹೋಟೆಲಿನಲ್ಲಿ ಇಂಥ ಉಪಗ್ರಹ ಕಾಕಾ ಸಿಗುತ್ತಾರೆ. ಧೋತರ, ಬಿಳಿ ಟೊಪ್ಪಿಗೆ, ಮೂಗಿನ ತುದಿಗೆ ಚಾಳೀಸು, ಕೈಯಲ್ಲಿ ಗಾಜು ಒಡೆದ ಮೊಬೈಲು. ಮೊಬೈಲಿನೊಳಗೆ ಬಂಗಾಳಕೊಲ್ಲಿ.

ಇನ್ಸಾಟ್ ಉಪಗ್ರಹದ ಚಿತ್ರ ಅರ್ಧ ತಾಸಿಗೊಮ್ಮೆ ಬದಲಾಗುತ್ತದೆ, ಕಾಕಾನ ಚಹಾವೂ ಹಾಗೆಯೇ. ಚಿತ್ರದ ಮೇಲಿರುವುದು ಗ್ರೀನ್‌ವಿಚ್ ವೇಳೆ, ಅದಕ್ಕೆ ಐದೂವರೆ ತಾಸು ಕೂಡಿಸಬೇಕು. ಈ ಚಟ ಎಷ್ಟು ಬಲಿತಿದೆಯೆಂದರೆ ಉಮರ್ಗಾ ಬಸ್ಸು ಎಷ್ಟಕ್ಕೆಂದು ಕೇಳಿದರೂ ಕೂಡಿಸಿಯೇ ಹೇಳುತ್ತಾರೆ. ಶುರುವಿನಲ್ಲಿ ರಾತ್ರಿ ಚಿತ್ರ ಕರ್ರಗಾದದ್ದು ಕಂಡು "ಉಪಗ್ರಹ ಕೆಟ್ಟದ" ಎಂದು ಊರೆಲ್ಲ ಸಾರಿದ್ದರು. ಬೆಳಕಿನ ಚಿತ್ರಕ್ಕೆ ಸೂರ್ಯ ಬೇಕು, ರಾತ್ರಿ ಮೋಡದ ತಂಪು ಅಳೆಯುವ ಇನ್‌ಫ್ರಾರೆಡ್ ಚಿತ್ರ ನೋಡಬೇಕು ಎಂದು ತಿಳಿಸಿಕೊಟ್ಟವನು ಏಳನೇ ಇಯತ್ತೆಯ ಮೊಮ್ಮಗ.

"ಕಾಕಾ, ನಾಳಿ ಸೋಯಾ ರಾಶಿ ಮಾಡ್ಬೇಕಂತೀನ್ರಿ. ಮಳಿ ಬರ್ತದೇನ್ರಿ?"

"ತಡಿಯೋ, ಮೊದಲ ಆಂಧ್ರದ ದಂಡಿ ದಾಟ್ಲಿ."

ದಾಟಿದ ಮೇಲೆಯೇ ಕಾಕಾನ ದುಃಖ ಶುರು. ದಂಡೆ ಹೊಕ್ಕ ಚಂಡಮಾರುತ ಮರಾಠವಾಡಕ್ಕೆ ಬರುವುದರೊಳಗೆ ಬರೀ ವಾಯುಭಾರ ಕುಸಿತವಾಗಿರುತ್ತದೆ, ನಮ್ಮ ತಾಲೂಕಿಗೆ ವರ್ಗವಾದ ತಿಂಗಳೇ ನಿವೃತ್ತಿಯಾಗುವ ಮಾಮಲೇದಾರರ ಹಾಗೆ. ಗಾಳಿ ತಾಸಿಗೆ 62 ಕಿ.ಮೀ. ಮುಟ್ಟದಿದ್ದರೆ ಅದಕ್ಕೆ ಹೆಸರೂ ಇಲ್ಲ. ಹೆಸರಿಲ್ಲದ್ದನ್ನು ಕಾಕಾ ಮೂಸಿಯೂ ನೋಡುತ್ತಿರಲಿಲ್ಲ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಂಡೆಗೆ ಬಂದದ್ದು ಅಂಥದೇ ಒಂದು ಅನಾಮಿಕ. ಅದು ಹೈದರಾಬಾದನ್ನು ಮುಳುಗಿಸಿ, ಕಲಬುರಗಿ–ಸೊಲ್ಲಾಪುರದ ಮೇಲೆ ಹಾದು, ಭೀಮೆಯನ್ನು ಉಕ್ಕಿಸಿ, ಹೋಗುತ್ತ ಹೋಗುತ್ತ ನಮ್ಮ ಕಡೆ ಕೊಯ್ದಿಟ್ಟ ಸೋಯಾ ಬಣವಿಗಳನ್ನೂ ಒಯ್ದಿತು.

ಮರು ವರ್ಷ ಬಂದದ್ದಕ್ಕೆ ಹೆಸರಿತ್ತು: ಗುಲಾಬ್. ಇಟ್ಟವರು ಪಾಕಿಸ್ತಾನದವರು. ಕಾಕಾನ ಹಿಗ್ಗು ಹೇಳತೀರದು. ಸೆಪ್ಟೆಂಬರ್ 26ಕ್ಕೆ ಅದು ಕಳಿಂಗಪಟ್ಟಣದ ಬಳಿ ದಂಡೆ ಹೊಕ್ಕದ್ದೇ ತಡ, ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು ಮೊಬೈಲಿನ ಮೇಲಿಟ್ಟು ತೀರ್ಪು ಕೊಟ್ಟರು: "ನಡುಗಣ್ಣು ವಿದರ್ಭದ ಬಾಜೂಕ ಹೊಂಟದ. ನಮಗೇನಿಲ್ಲ, ರಾಶಿ ಮಾಡ್ರಿ."

ಕಡ್ಡಿ ತೋರಿದ ದಾರಿ ಹೆಚ್ಚುಕಡಿಮೆ ಸರಿಯೇ ಇತ್ತು. ಆದರೆ ಮುಂಗಾರಿನ ದಿನಗಳಲ್ಲಿ ಬಂಗಾಳಕೊಲ್ಲಿಯಿಂದ ಪಶ್ಚಿಮಕ್ಕೆ ಹೊರಟ ಇಂಥ ಕುಸಿತಗಳ ಜೋರು ಮಳೆ ಸಾಮಾನ್ಯವಾಗಿ ಬೀಳುವುದು ನಡುವಿನಲ್ಲಲ್ಲ, ಅದರ ನೈಋತ್ಯಕ್ಕೆ. ನೈಋತ್ಯಕ್ಕೆ ಇದ್ದವರು ನಾವು. 28ಕ್ಕೆ ಮಾಂಜರಾ ಅಣೆಕಟ್ಟಿನ ಬಾಗಿಲು ತೆರೆದರು. ಊರವರು ಕಾಕಾನನ್ನು ಹುಡುಕಿದರೆ ಕಾಕಾ ಮಾತ್ರ ಮನಸ್ಸಿನಲ್ಲಿ ಗುಜರಾತಿನಾಚೆ ಇದ್ದರು. ಗುಲಾಬಿನ ಉಳಿಕೆ ಅರಬ್ಬಿ ಸಮುದ್ರಕ್ಕೆ ಇಳಿದು ಶಾಹೀನ್ ಎಂಬ ಹೊಸ ಹೆಸರು ಪಡೆದು ಅಕ್ಟೋಬರ್ 3ಕ್ಕೆ ಒಮಾನ್ ಮುಟ್ಟುವ ತನಕ ಬೆನ್ನು ಬಿಡಲಿಲ್ಲ. ಇತ್ತ ಪಡಸಾಲೆಯಲ್ಲಿ ಅವರದೇ ಸೋಯಾ ಮೊಳಕೆ ಒಡೆಯುತ್ತಿತ್ತು.

"ಒಮಾನದಾಗ ಬೀಗರಿದ್ದಾರೇನ್ರಿ? ಏಳ್ರಿ, ತಾಡಪತ್ರಿ ಹಿಡೀರಿ" ಎಂದರು ಅವರ ಹೆಂಡತಿ ಕಾಕು.

ಗಡಿಯ ಕಾಕಾಗಳಿಗೆ ಇನ್ನೊಂದು ಸವಲತ್ತು. ನಮ್ಮ ಜಿಲ್ಲೆಯ ಮುನ್ಸೂಚನೆ ಬರುವುದು ಮುಂಬೈಯಿಂದ, ಆಚೆಯ ಬಸವಕಲ್ಯಾಣಕ್ಕೆ ಬೆಂಗಳೂರಿನಿಂದ, ಅದರಾಚೆ ಜಹೀರಾಬಾದಿಗೆ ಹೈದರಾಬಾದಿನಿಂದ. ಮೂರನ್ನೂ ಓದಿ, ತಮಗೆ ಒಪ್ಪಿದ್ದನ್ನು ತಮ್ಮದೆಂದೇ ಹೇಳುತ್ತಾರೆ.

ಇಷ್ಟಾದರೂ ಕಾಕಾನನ್ನು ನಾನು ಬಿಟ್ಟುಕೊಡಲಾರೆ. ಮೂವತ್ತಾರು ಸಾವಿರ ಕಿ.ಮೀ. ಮೇಲಿನ ಉಪಗ್ರಹ ನಮ್ಮ ಕಡೆಗೂ ಕಣ್ಣಿಟ್ಟಿದೆ ಎಂದು ಚಹಾದ ಹೋಟೆಲಿಗೆ ಕಲಿಸಿದವರು ಅವರೇ. ನಿಮ್ಮೂರಲ್ಲೂ ಒಬ್ಬರಿದ್ದರೆ ಚಹಾ ಕುಡಿಸಿ, ಮೋಡ ಎಲ್ಲಿದೆ ಎಂದು ಅವಶ್ಯ ಕೇಳಿ. ರಾಶಿ ಯಾವಾಗ ಮಾಡಬೇಕು ಎಂಬುದನ್ನು ಮಾತ್ರ ಕಾಕುವನ್ನೇ ಕೇಳಿ.