ಪರದೇಶದಲ್ಲೂ ಊರಿನ ಮೆಕ್ಯಾನಿಕ್ಕೇ ಬೇಕು

ಬೈಕಿನಲ್ಲಿ ಪರದೇಶ ಸುತ್ತುವ ಕಂದಿಕೆರೆ ಸೀಮೆಯ ತೋಟದ ಯಜಮಾನನಿಗೆ ಪರದೇಶವೆಂದರೆ ನೇಪಾಳ. ವೀಸಾ ಬೇಡ, ಮತದಾರರ ಗುರುತಿನ ಚೀಟಿ ಸಾಕು, ಅಲ್ಲಿಯೂ ಗಾಡಿ ರಸ್ತೆಯ ಎಡಕ್ಕೇ ಓಡುತ್ತದೆ. ಜೊತೆಗೆ ಮುಕ್ತಿನಾಥನ ದರ್ಶನವೂ ಸೇರಿಕೊಂಡರೆ ಮನೆಯಲ್ಲಿ ಖರ್ಚಿನ ಮಾತು ಏಳುವುದಿಲ್ಲ. ವಯಸ್ಸು ನಲವತ್ತು ದಾಟಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ವಾಹನ ಕಾರ್ಬುರೇಟರ್ ಕಾಲದ ಬುಲೆಟ್. ಪ್ರಯಾಣದ ಮುಹೂರ್ತ ಇಡುವುದು ತಿಪಟೂರಿನ ಕೊಬ್ಬರಿ ಮಾರುಕಟ್ಟೆ: ರೇಟು ಏರಿದ ವರ್ಷ ಹಿಮಾಲಯ, ಇಳಿದ ವರ್ಷ ಮದಲಿಂಗನ ಕಣಿವೆಯವರೆಗೆ.

ಸಿದ್ಧತೆಯಲ್ಲಿ ಇವನನ್ನು ಮೀರಿಸುವುದು ಕಷ್ಟ. ಕ್ಲಚ್ ಕೇಬಲ್, ಪ್ಲಗ್, ಟ್ಯೂಬ್, ಹುರಿಹಿಟ್ಟು, ಕೊಬ್ಬರಿ ಚಟ್ನಿಪುಡಿ, ಕೊನೆಗೆ ಒಂದು ಸುತ್ತು ತೆಂಗಿನ ನಾರಿನ ಹಗ್ಗ. ಈ ಹಗ್ಗದಿಂದ ಕಟ್ಟಲಾಗದ ಸೈಲೆನ್ಸರ್ ಇನ್ನೂ ತಯಾರಾಗಿಲ್ಲವೆಂಬುದು ಈ ಸೀಮೆಯ ನಂಬಿಕೆ. ಬೇಕೇಬೇಕಾದ ಒಂದು ಸ್ಪ್ಯಾನರ್ ಮಾತ್ರ ಊರಿನ ಗ್ಯಾರೇಜಿನಲ್ಲೇ ಉಳಿದಿರುತ್ತದೆ. ಹುಳಿಯಾರು, ಹಿರಿಯೂರು ದಾಟಿ, ನಾಗ್ಪುರ, ಜಬಲ್‌ಪುರ, ಗೋರಖ್‌ಪುರಗಳ ಮೇಲೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ಓಡಿಸಿ ಸುನೌಲಿ ಗಡಿ ಮುಟ್ಟಿದಾಗ ಆರ್‌ಸಿ ಭಾವಮೈದುನನ ಹೆಸರಿನಲ್ಲಿದೆ ಎಂಬುದು ನೆನಪಾಗುತ್ತದೆ. ಗಾಡಿ ಒಳಗೆ ಹೋಗಲು ಭನ್ಸಾರ್ ಎಂಬ ಕಸ್ಟಮ್ಸ್ ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿ ಚೀಟಿ ಮಾಡಿಸಬೇಕು. ಭಾವಮೈದುನ ಕನ್ನಡದಲ್ಲಿ ಬರೆದು, ಪಂಚಾಯಿತಿ ಮೊಹರು ಒತ್ತಿಸಿ ಕಳಿಸಿದ ಒಪ್ಪಿಗೆ ಪತ್ರ ವಾಟ್ಸಪ್ಪಿನಲ್ಲಿ ಬರುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ.

ಪೊಖರಾದವರೆಗೆ ಬುಲೆಟ್ಟಿಗೆ ಏನೂ ಆಗುವುದಿಲ್ಲ. ಆ ಊರೂ ಕಂದಿಕೆರೆಯೂ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರ, 800 ಮೀಟರ್ ಆಸುಪಾಸು. ತಕರಾರು ಶುರುವಾಗುವುದು ಬೇನಿ ದಾಟಿ, ಕಾಳಿ ಗಂಡಕಿಯ ದಂಡೆ ಹಿಡಿದು ಜೋಮ್‌ಸೋಮ್ ಕಡೆ ಹತ್ತುವಾಗ. ಮುಕ್ತಿನಾಥದ ಎತ್ತರ 3,700 ಮೀಟರಿಗೂ ಮಿಗಿಲು. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಸುಮಾರು ಮೂರನೇ ಎರಡು ಪಾಲು ಮಾತ್ರ. ಗಾಳಿ ತೆಳುವಾಗಿದೆಯೆಂಬುದು ಕಾರ್ಬುರೇಟರಿಗೆ ತಿಳಿಯದು. ಅದು ಊರಿನ ಅಳತೆಯಲ್ಲೇ ಪೆಟ್ರೋಲ್ ಕೊಡುತ್ತ ಹೋಗುತ್ತದೆ. ಹೊಗೆ ಕಪ್ಪಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಏರಿನಲ್ಲಿ ಗಾಡಿ ಕೆಮ್ಮಿ ನಿಲ್ಲುತ್ತದೆ.

ಜೋಮ್‌ಸೋಮಿನ ಮೆಕ್ಯಾನಿಕ್ಕಿಗೆ ಇದು ಹೊಗೆ ನೋಡಿದರೇ ಗೊತ್ತಾಗುವ ವಿಷಯ. ಪ್ಲಗ್ ತಿಕ್ಕಿ, ಕಾರ್ಬುರೇಟರಿನ ನೀಡಲನ್ನು ಒಂದು ಮೆಟ್ಟಿಲು ಇಳಿಸಿದರೆ ಮುಗಿಯಿತು. ಆದರೆ ಯಜಮಾನ ಸ್ಪ್ಯಾನರ್ ಹಾಕಲು ಬಿಡುವುದಿಲ್ಲ. ಹೊಲ, ಮನೆ, ಬ್ಯಾಂಕ್ ಪಾಸ್‌ಬುಕ್ಕು ಯಾರ ಕೈಗಾದರೂ ಕೊಟ್ಟಾನು. ಬುಲೆಟ್ಟಿಗೆ ಕೈ ಹಚ್ಚುವ ಹಕ್ಕು ಕಂದಿಕೆರೆಯ ಮೆಕ್ಯಾನಿಕ್ ಒಬ್ಬನಿಗೇ ಉಂಟು. ನೇಪಾಳದ ಸಿಮ್ಮಿನಿಂದ ಕರೆ ಹೋಗುತ್ತದೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ. ‘ಐದು ನಿಮಿಷ ಇರಣ್ಣ’ ಎಂದು ಒಂದು ಗಂಟೆ ಕಾಯಿಸುವ ಗ್ಯಾರೇಜಿಗೆ ಅದೊಂದು ವ್ಯತ್ಯಾಸವೇ ಅಲ್ಲ. ಅಷ್ಟರಲ್ಲಿ ಅವನು ಕಾಯಿ ಚೀಲ ಹೊತ್ತು ಬಂದ ಟಿವಿಎಸ್ ಎಕ್ಸೆಲ್ ಒಂದರ ಚೈನ್ ಬಿಗಿದು ಮುಗಿಸಿರುತ್ತಾನೆ.

‘ಫೋನ್ ಸೈಲೆನ್ಸರ್ ತಾವ ಹಿಡೀರಣ್ಣ. ರೇಸ್ ಕೊಡಿ. ಬಿಡಿ. ಇನ್ನೊಂದ್ ಸಲ.’

ಸದ್ದು ಹಿಮಾಲಯದಿಂದ ಕಂದಿಕೆರೆಗೆ ಬಂದು ತಲುಪುತ್ತದೆ. ತೀರ್ಪು ಹೊರಬೀಳುತ್ತದೆ: ‘ಪೆಟ್ರೋಲ್ ಕಲಬೆರಕೆ ಐತೆ. ಯಾರ್ನೂ ಮುಟ್ಟಕ್ಕೆ ಬಿಡ್ಬ್ಯಾಡಿ.’ ತೀರ್ಪು ತಪ್ಪು. ಆದರೆ ಟ್ಯಾಂಕ್ ಬಸಿಯಲು ಯಜಮಾನ ಡಬ್ಬ ಹುಡುಕಿಕೊಂಡು ಹೋದ ಸಮಯದಲ್ಲಿ ಜೋಮ್‌ಸೋಮಿನವನು ಸದ್ದಿಲ್ಲದೆ ನೀಡಲ್ ಇಳಿಸಿ, ಕಿಕ್ ಹೊಡೆದಿರುತ್ತಾನೆ. ಇಂಜಿನ್ ಹೊಡೆದುಕೊಳ್ಳುವ ಸದ್ದು ಫೋನಿನಲ್ಲಿ ಕೇಳಿಸಿದ ಕೂಡಲೇ ಕಂದಿಕೆರೆಯಿಂದ ‘ನಾನ್ ಹೇಳ್ಲಿಲ್ವಾ?’ ಎಂಬ ಮಾತು ಬರುತ್ತದೆ. ಯಜಮಾನ ಅದನ್ನು ಪೂರ್ತಿ ಒಪ್ಪುತ್ತಾನೆ.

ಬಿಲ್ಲು 800 ರೂಪಾಯಿ. ಯಜಮಾನನ ಮುಖ ಬಿಳುಚಿಕೊಳ್ಳುತ್ತದೆ. ಭಾರತದ 100 ರೂಪಾಯಿ ನೇಪಾಳದ 160ಕ್ಕೆ ಸಮ. ಲೆಕ್ಕ ಹಾಕಿ, 500 ಎಂದು ತಿಳಿದ ಮೇಲೆ 300 ರೂಪಾಯಿ ಉಳಿಸಿದ ಸಂತೋಷ ಪೊಖರಾಕ್ಕೆ ಇಳಿಯುವವರೆಗೂ ಇರುತ್ತದೆ.

ಈ ತಳಿ ಇನ್ನು ಹೆಚ್ಚು ಕಾಲ ಉಳಿಯುವುದು ಅನುಮಾನ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇದೆ; ಬೆಟ್ಟ ಹತ್ತಿದರೆ ಸೆನ್ಸರ್ ತಾನೇ ಅಳೆದು ಪೆಟ್ರೋಲ್ ತಗ್ಗಿಸುತ್ತದೆ. ಕೆಟ್ಟರೆ ಸ್ಕ್ಯಾನರ್ ಬೇಕು, ಕಿವಿಯಿಂದ ಕೆಲಸವಾಗದು.

ಹಳೆಯ ಬುಲೆಟ್ಟಿನ ಕಥೆ ಗಡಿ ದಾಟಿ ಈಚೆ ಬಂದ ಮೇಲೂ ಮುಂದುವರಿಯುತ್ತದೆ. ತೆಳುಗಾಳಿಗೆಂದು ತಗ್ಗಿಸಿದ ಪೆಟ್ರೋಲ್ ಬಯಲಿನ ಗಾಳಿಗೆ ಸಾಲದೆ ಇಂಜಿನ್ ಕಾಯುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಸಿಡಿಯುತ್ತದೆ. ನೀಡಲನ್ನು ಮತ್ತೆ ಮೇಲೇರಿಸಬಲ್ಲ ಗ್ಯಾರೇಜುಗಳು ಗೋರಖ್‌ಪುರದಿಂದ ಹಿರಿಯೂರಿನವರೆಗೂ ಇವೆ. ಒಂದರ ಬಾಗಿಲಿಗೂ ಹೋಗದೆ, ಗಂಟೆಗೊಮ್ಮೆ ಮರದ ನೆರಳಿನಲ್ಲಿ ಗಾಡಿ ತಣಿಸಿಕೊಂಡು ಯಜಮಾನ ಊರು ಸೇರುತ್ತಾನೆ. ಹತ್ತು ನಿಮಿಷದ ಕೆಲಸಕ್ಕೆ ಮೆಕ್ಯಾನಿಕ್ ಅರ್ಧ ದಿನ ತೆಗೆದುಕೊಂಡು, ನಿಂತು ನೋಡುವವರಿಗೆಲ್ಲ ಕಾಣುವಂತೆ ಕಾರ್ಬುರೇಟರ್ ಪೂರ್ತಿ ಬಿಚ್ಚಿ, ‘ಎಂಗೆ ಕೆಡ್ಸಿಟ್ಟವ್ರೆ ನೋಡಣ್ಣ’ ಎನ್ನುತ್ತಾನೆ. ಯಜಮಾನ ಚೌಕಾಶಿ ಮಾಡದೆ ಕೇಳಿದಷ್ಟು ಕೊಟ್ಟು, ಮುಕ್ತಿನಾಥನ ಪ್ರಸಾದದಲ್ಲೂ ಅವನಿಗೊಂದು ಪಾಲು ತೆಗೆದಿಡುತ್ತಾನೆ.